ಮೂರು ತಂತಿಗಳ ಮೇಲಿನ ಸಂಭಾಷಣೆ

ಎದುರಿಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮೇಜಿನ ಮೇಲಿರುವುದು ಒಂದು ಚಪ್ಪಟೆಯಾದ ಪೆಟ್ಟಿಗೆ ಮಾತ್ರ. ಗುಂಡಿ ಒತ್ತಿದರೆ ಒಳಗೆ ಬೀಸಣಿಗೆ ತಿರುಗುವ ಸದ್ದು ಕೇಳುತ್ತದೆ. ಅದಕ್ಕೆ ಮಿಗಿಲಾದ ಜೀವಲಕ್ಷಣ ಯಾವುದೂ ಕಾಣದು. ಇಂಥ ಗಣಕಯಂತ್ರಕ್ಕೆ ಏನು ರೋಗವೆಂದು ತಿಳಿಯುವುದು ಹೇಗೆ?

ಕ್ಯಾಲಿಫೋರ್ನಿಯದಲ್ಲಿ 1982ರಲ್ಲಿ ಸ್ಥಾಪಿತವಾದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1989ರಲ್ಲಿ ‘ಸ್ಪಾರ್ಕ್‌ಸ್ಟೇಷನ್ 1’ ಎಂಬ ಗಣಕವನ್ನು ಹೊರತಂದಿತು. ಸಂಸ್ಥೆಯು 2010ರಲ್ಲಿ ಒರೇಕಲ್‌ನ ಪಾಲಾಯಿತಾದರೂ ಆ ವಂಶದ ಯಂತ್ರಗಳನ್ನು ಜತನದಿಂದ ಕಾಪಾಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಈ ವಂಶದ್ದೊಂದು ಸದ್ಗುಣವುಂಟು. ಎಚ್ಚರಗೊಳ್ಳುವಾಗ ಕೀಲಿಮಣೆ ಕಾಣದಿದ್ದರೆ ಅದು ಮುನಿಸಿಕೊಂಡು ಕೂಡುವುದಿಲ್ಲ. ಬೆನ್ನಿನಲ್ಲಿರುವ ಸೀರಿಯಲ್ ದ್ವಾರದ ಮೂಲಕ ಮಾತನಾಡತೊಡಗುತ್ತದೆ. ಆ ದ್ವಾರಕ್ಕೆ ಬೇರೊಂದು ಗಣಕವನ್ನೋ ಹಳೆಯ ಟರ್ಮಿನಲ್ಲನ್ನೋ ಜೋಡಿಸಿದರಾಯಿತು.

ಜೋಡಿಸಲು ಬೇಕಾದುದು ಮೂರೇ ತಂತಿ. ಆರ್‌ಎಸ್-232 ಎಂಬ ಈ ಪದ್ಧತಿ 1960ರಷ್ಟು ಹಳೆಯದು. ಒಂದು ತಂತಿ ಹೇಳುವುದಕ್ಕೆ, ಒಂದು ಕೇಳುವುದಕ್ಕೆ, ಇನ್ನೊಂದು ಇಬ್ಬರಿಗೂ ಸಮಾನವಾದ ನೆಲೆ. ಎಷ್ಟೋ ಮಂದಿ ಯಂತ್ರ ಸತ್ತಿತೆಂದು ಕೈಚೆಲ್ಲುವುದು ಈ ತಂತಿಯ ತಪ್ಪಿನಿಂದಲೇ. ಬಾಯಿಗೆ ಬಾಯಿ, ಕಿವಿಗೆ ಕಿವಿ ತಾಗಿಸಿ ನಿಂತ ಇಬ್ಬರ ನಡುವೆ ಮಾತು ಹುಟ್ಟೀತೆ? 25 ಮುಳ್ಳುಗಳ ಜೋಡಣೆಯಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಬೇಕು. ಏಳನೆಯದನ್ನು ನೇರವಾಗಿ ಬಿಡಬೇಕು. ವೇಗವೂ ಹೊಂದಬೇಕು: ಸೆಕೆಂಡಿಗೆ 9600 ಬಿಟ್, ಅಂದರೆ ಸುಮಾರು 960 ಅಕ್ಷರ. ಅದು ತಪ್ಪಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಉದುರುತ್ತವೆ. ಆದರೆ ಅದೂ ಶುಭವಾರ್ತೆಯೇ; ರೋಗಿಗೆ ಸನ್ನಿಯಾದರೂ ಉಸಿರು ಆಡುತ್ತಿದೆ.

ಎಲ್ಲವೂ ಹೊಂದಿದಾಗ, ಬೂಟ್ ಆಗಲಾರದ ಯಂತ್ರವು ಕೊನೆಗೆ ಬರೆಯುವುದು ಒಂದೇ ಪದ: ‘ಓಕೆ’. ಸರ್ವವೂ ಕೆಟ್ಟು ಕುಳಿತಿರುವಾಗ ‘ಸರಿ’ ಎನ್ನುವ ಈ ವಿನಯಕ್ಕೆ ಹೊಸಬರು ಬೆಚ್ಚುತ್ತಾರೆ. ಅದರ ಅರ್ಥ ಇಷ್ಟೇ: ‘ಕೇಳುತ್ತಿದ್ದೇನೆ, ಹೇಳು.’ ಇದರ ಹಿಂದಿರುವುದು ಮಿಚ್ ಬ್ರಾಡ್ಲಿ ರಚಿಸಿದ ‘ಓಪನ್‌ಬೂಟ್’. ಅದರ ಭಾಷೆ ಚಾರ್ಲ್ಸ್ ಮೂರ್ ನಿರ್ಮಿಸಿದ ‘ಫೋರ್ತ್’. ಈ ಭಾಷೆಯಲ್ಲಿ ಮೊದಲು ಸಂಖ್ಯೆಗಳು, ಆಮೇಲೆ ಕ್ರಿಯೆ. ‘ಎರಡು, ಮೂರು, ಕೂಡಿಸು’ ಎಂದರೇ ಅದಕ್ಕೆ ತಿಳಿಯುವುದು. ಕ್ರಿಯಾಪದವನ್ನು ವಾಕ್ಯದ ಕೊನೆಗಿಡುವ ಕನ್ನಡಿಗನಿಗೆ ಇದು ಇಂಗ್ಲಿಷಿನವನಿಗಿಂತ ಸಹಜವಾಗಿ ತೋರಬೇಕು!

ಇನ್ನು ಚಿಕಿತ್ಸೆ. ‘ಬೂಟ್ ಸಾಧನವನ್ನು ತೆರೆಯಲಾಗಲಿಲ್ಲ’ ಎಂದು ಯಂತ್ರ ದೂರಿದರೆ, ಒಡನೆಯೇ ಡಿಸ್ಕನ್ನು ಶಪಿಸಬಾರದು. ‘ಪ್ರೋಬ್-ಸ್ಕಸಿ’ ಎಂದು ಆಜ್ಞಾಪಿಸಿದರೆ, ಸಾಲಿನಲ್ಲಿರುವ ಡಿಸ್ಕುಗಳು ಒಂದೊಂದಾಗಿ ಹಾಜರಿ ಹೇಳುತ್ತವೆ. ಡಿಸ್ಕ್ ಓಗೊಟ್ಟರೆ ದೋಷ ವಿಳಾಸದ್ದು. ಯಂತ್ರ ಬೇರೆ ಮನೆಯ ಬಾಗಿಲು ತಟ್ಟುತ್ತಿದೆ. ಓಗೊಡದಿದ್ದರೆ ಕೇಬಲನ್ನು ನೋಡಬೇಕು, ಬಳಿಕ ಕಿವಿಗೊಟ್ಟು ಆಲಿಸಬೇಕು. ಆ ಕಾಲದ ಕೆಲವು ಡಿಸ್ಕುಗಳಲ್ಲಿ ತಣ್ಣಗಾದ ಮೇಲೆ ಓದುವ ತಲೆಯು ತಟ್ಟೆಗೆ ಅಂಟಿಕೊಂಡು ಮೋಟಾರು ತಿರುಗದಂತಾಗುತ್ತಿತ್ತು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ತಟ್ಟೆ ತಿರುಗುವ ದಿಕ್ಕಿನಲ್ಲಿ ಚುರುಕಾಗಿ ಒಮ್ಮೆ ಹೊರಳಿಸುವುದೇ ಅದಕ್ಕೆ ಮದ್ದು. ನಾಟಿ ವೈದ್ಯವೇ ಸರಿ. ಆದರೆ ಗುಣ ಕಂಡ ಕೂಡಲೇ ಒಳಗಿನ ಬರಹವನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ಆತಂಕದ ಗಳಿಗೆ ಇನ್ನೊಂದಿದೆ. ಅದು ಬರುವುದು ಯಂತ್ರ ಸ್ವಸ್ಥವಾಗಿ ದುಡಿಯುತ್ತಿರುವಾಗ. ತಂತಿಯಲ್ಲಿ ಒಂದು ಅಕ್ಷರಕ್ಕೆ ತಗಲುವುದಕ್ಕಿಂತ ಹೆಚ್ಚು ಹೊತ್ತು ಸಂಕೇತವು ಸೊನ್ನೆಯ ಸ್ಥಿತಿಯಲ್ಲೇ ನಿಂತರೆ ಅದು ‘ಬ್ರೇಕ್’, ಅಂದರೆ ‘ಇದ್ದಲ್ಲೇ ನಿಲ್ಲು’ ಎಂಬ ಅಪ್ಪಣೆ. ಯಾರೋ ಕೆಲಸ ಮುಗಿಸಿ ಟರ್ಮಿನಲ್ಲಿನ ಗುಂಡಿಯನ್ನು ಆರಿಸಿದರೂ ಯಂತ್ರಕ್ಕೆ ಹಾಗೆಯೇ ಕೇಳಿಸಬಹುದು. ಒಡನೆ ಅದನ್ನು ನಂಬಿದವರೆಲ್ಲರ ಕೆಲಸ ಅರ್ಧಕ್ಕೆ ಸ್ತಬ್ಧ. ಉಳಿದದ್ದು ‘ಓಕೆ’ ಮಾತ್ರ. ಗಾಬರಿಗೊಂಡವನು ‘ಬೂಟ್’ ಎಂದು ಬರೆದರೆ ಸ್ಮೃತಿಯಲ್ಲಿದ್ದು ಇನ್ನೂ ಡಿಸ್ಕಿಗೆ ಸೇರದ ಕೆಲಸವೆಲ್ಲ ಹೋಯಿತು. 2000ದಲ್ಲಿ ಬಂದ ‘ಸೊಲಾರಿಸ್ 8’ರಲ್ಲಿ, ಬ್ರೇಕಿಗೆ ಬದಲಾಗಿ ಕೈಯಾರೆ ಒತ್ತಬೇಕಾದ ಮೂರು ಕೀಲಿಗಳ ಸಂಜ್ಞೆಯನ್ನು ಗೊತ್ತುಮಾಡಿಕೊಳ್ಳುವ ಏರ್ಪಾಡಾಯಿತು. ಅದಕ್ಕೆ ಮುನ್ನ ಅನುಭವಿಗಳು ಉಸಿರು ಬಿಗಿಹಿಡಿದು ಬರೆಯುತ್ತಿದ್ದುದು ಎರಡಕ್ಷರದ ಇಂಗ್ಲಿಷ್ ಪದ, ‘ಗೋ’. ನಿಂತಲ್ಲಿಂದಲೇ ಯಂತ್ರ ಮತ್ತೆ ನಡೆಯತೊಡಗುತ್ತಿತ್ತು.