ಒಂಬತ್ತು ವೋಲ್ಟಿನಲ್ಲಿ ಹಾಡುವ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಮನೆಗೆ ಬಂದ ದಿನವೇ ಮಕ್ಕಳ ಎರಡನೆಯ ಬೇಡಿಕೆ ಶುರುವಾಗುತ್ತದೆ: ‘ಅಪ್ಪಾ, ಆಂಪ್ಲಿಫೈಯರ್ ಬೇಕು.’ ಅಪ್ಪ ಹೌಹಾರುವುದು ಸಹಜ. ಆದರೆ ಟೊಳ್ಳು ಒಡಲಿಲ್ಲದ ಈ ಗಿಟಾರ್ ತಾನಾಗಿ ಮಾಡುವ ಸದ್ದು ಪಕ್ಕದ ಕೋಣೆಗೂ ಕೇಳಿಸದು. ಹಾಗಾದರೆ ಆಂಪ್ಲಿಫೈಯರನ್ನು ಮನೆಯಲ್ಲೇ ಕಟ್ಟಬಾರದೇಕೆ?

ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂದರೆ ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತೆಳು ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಯುಸಿ ಪುಸ್ತಕದ ಫ್ಯಾರಡೆ ನಿಯಮವೇ ಇದು. ಹೀಗೆ ಬರುವ ಸಂಕೇತ ಸುಮಾರು 0.1 ವೋಲ್ಟ್. ಸ್ಪೀಕರನ್ನು ಅಲುಗಿಸಲು ಇದು ಸಾಲದು.

ಎಂಟು ಕಾಲಿನ ಪುಟಾಣಿ

ಇದನ್ನು ಹಿಗ್ಗಿಸುವ ಅಗ್ಗದ ಐಸಿ ಎಲ್‌ಎಂ386. ಎಂಟು ಕಾಲುಗಳ ಈ ಚಿಪ್, 9 ವೋಲ್ಟ್ ಬ್ಯಾಟರಿ, 8 ಓಂ ಸ್ಪೀಕರ್, 10 ಕಿಲೋ ಓಂ ವಾಲ್ಯೂಮ್ ಕಂಟ್ರೋಲ್ ಮತ್ತು ಕೆಲವು ಕೆಪಾಸಿಟರ್ ಇದ್ದರೆ ಕೆಲಸ ಆರಂಭಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಇವೆಲ್ಲ ಸಿಗುತ್ತವೆ.

ಸಂಕೇತ 3ನೇ ಕಾಲಿಗೆ. 2 ಮತ್ತು 4 ಗ್ರೌಂಡಿಗೆ. ಬ್ಯಾಟರಿಯ ಧನ ತುದಿ 6ಕ್ಕೆ. 5ನೇ ಕಾಲಿನಿಂದ ಹೊರಡುವ ಸಂಕೇತ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ದಾಟಿಯೇ ಸ್ಪೀಕರ್ ಸೇರಬೇಕು. ಆ ಕಾಲಿನಲ್ಲಿ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಸದಾ ಇರುತ್ತದೆ. ಕೆಪಾಸಿಟರ್ ಅದನ್ನು ತಡೆದು ಸಂಗೀತವನ್ನಷ್ಟೇ ಬಿಡುತ್ತದೆ.

ಹೀಗೆ ಜೋಡಿಸಿದರೆ ಸಂಕೇತ 20 ಪಟ್ಟು ಹಿಗ್ಗುತ್ತದೆ. 1 ಮತ್ತು 8ರ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು! ಲೆಕ್ಕ ಹಾಕಿ: 0.1 ವೋಲ್ಟಿನ 200 ಪಟ್ಟು 20 ವೋಲ್ಟ್. ಬ್ಯಾಟರಿಯಲ್ಲಿರುವುದೋ ಒಂಬತ್ತೇ. ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ರಾಕ್ ಸಂಗೀತದವರು ಬಯಸುವ ಒರಟು ದನಿ ಹುಟ್ಟುವುದು ಹೀಗೆಯೇ.

ಮೊದಲು ಬ್ರೆಡ್‌ಬೋರ್ಡಿನ ಮೇಲೆ ಜೋಡಿಸಿ ನೋಡಿ, ಆಮೇಲೆ ಬೆಸುಗೆ ಹಾಕಿ. ಐಸಿಗೆ ಸಾಕೆಟ್ ಬಳಸಿದರೆ ಅದು ಶಾಖಕ್ಕೆ ಕೆಡುವುದಿಲ್ಲ. ‘ಗುಂಯ್’ ಎಂದರೆ ಗ್ರೌಂಡ್ ಸಂಪರ್ಕ ಪರೀಕ್ಷಿಸಿ, ಗಿಟಾರಿನ ಕಡೆಗೆ ಶೀಲ್ಡ್ ಇರುವ ತಂತಿಯನ್ನೇ ಬಳಸಿ.

ಪಾಲಕರಿಗೆ ಒಂದು ಮಾತು

ವಾಲ್ವ್ ಆಂಪ್ಲಿಫೈಯರುಗಳ ಒಳಗೆ ನೂರಾರು ವೋಲ್ಟ್ ಇರುತ್ತದೆ. ಅದು ಮಕ್ಕಳ ಆಟವಲ್ಲ. ಬ್ಯಾಟರಿಯ ಈ ಪೆಟ್ಟಿಗೆಯಲ್ಲಿ ಶಾಕ್ ಭಯವಿಲ್ಲ. ಬೆಸುಗೆಯ ಹೊಗೆ ಮೂಗಿಗೆ ಹೋಗದಂತೆ ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಕೈ ತೊಳೆಸಿ. ಮನೆಯ ಕರೆಂಟಿಗೆ ಜೋಡಿಸುವ ಆಸೆ ಸದ್ಯಕ್ಕೆ ಬೇಡ.

‘ಇದರಿಂದ ಓದು ಹಾಳಾಗದೇ?’ ಎನ್ನುವವರು ಇಂಗ್ಲೆಂಡಿನ ಕ್ವೀನ್ ತಂಡದ ಕಥೆ ಕೇಳಬೇಕು. ಬ್ರಯಾನ್ ಮೇ ಹದಿಹರೆಯದಲ್ಲಿ, 1963ರಲ್ಲಿ, ತಂದೆಯ ಜೊತೆ ಕೂತು ಗಿಟಾರ್ ಕಟ್ಟತೊಡಗಿದ. ಅದರ ಕತ್ತಿಗೆ ಬಳಸಿದ್ದು ಹಳೆಯ ಬೆಂಕಿಗೂಡಿನ ಮರ. ಅದೇ ತಂಡದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಪದವೀಧರ. ಲಂಡನ್ನಿನಲ್ಲಿ ಯಾರೋ ಬಿಸಾಡಿದ್ದ ಟ್ರಾನ್ಸಿಸ್ಟರ್ ಬೋರ್ಡನ್ನು ಹೆಕ್ಕಿ, ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿಗೆ ಜೋಡಿಸಿದ. ಆ ಪುಟ್ಟ ಆಂಪ್ಲಿಫೈಯರಿನ ದನಿ ತಂಡದ ಹಲವು ಧ್ವನಿಮುದ್ರಣಗಳಲ್ಲಿದೆ. ಮೇ 2007ರಲ್ಲಿ ಖಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಕೂಡ ಪಡೆದರು.

ಮೊದಲ ಸಲ ಸದ್ದು ಬಾರದೇ ಹೋಗಬಹುದು. ತಪ್ಪಿದ ಸಂಪರ್ಕವನ್ನು ಒಂದೊಂದಾಗಿ ಹುಡುಕುವ ಆ ಸಂಜೆಯಲ್ಲಿ ಮಕ್ಕಳು ಕಲಿಯುವುದು ಟ್ಯೂಷನ್‌ನಲ್ಲಿ ಸಿಗುವಂಥದ್ದಲ್ಲ. ಪಾಲಕರೂ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದರೆ ಇನ್ನೂ ಒಳ್ಳೆಯದು.