ಗುಳೆ ಹೋದವರ ಬದುಕೂ ಪಠ್ಯವಾಗಲಿ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ‘ಲ್ಯಾಟಿನೊ ಅಧ್ಯಯನ’ ಎಂಬ ಜ್ಞಾನಶಾಖೆಯೊಂದಿದೆ. 1848ರ ಒಪ್ಪಂದದಿಂದ ಗಡಿರೇಖೆಯೇ ಸರಿದು ಅಮೆರಿಕಕ್ಕೆ ಸೇರಿಹೋದ ಮೆಕ್ಸಿಕನ್ನರು ಹಾಗೂ ಬಳಿಕ ಕೂಲಿಗಾಗಿ ಗಡಿ ದಾಟಿ ಬಂದವರ ಬದುಕಿಗೆ ಪಠ್ಯಕ್ರಮದಲ್ಲಿ ಬಹುಕಾಲ ಸ್ಥಾನವಿರಲಿಲ್ಲ. ವಿದ್ಯಾರ್ಥಿಗಳ ಹೋರಾಟದ ಫಲವಾಗಿ 1968ರಲ್ಲಿ ಲಾಸ್ ಏಂಜಲೀಸ್‌ನ ಸರ್ಕಾರಿ ಕಾಲೇಜೊಂದರಲ್ಲಿ ಈ ಅಧ್ಯಯನ ಆರಂಭವಾಯಿತು. ಚರಿತ್ರೆ, ಅರ್ಥಶಾಸ್ತ್ರ, ಭಾಷೆ, ಕಾನೂನುಗಳು ಅಲ್ಲಿ ಒಂದೇ ಜನಸಮುದಾಯದ ಸುತ್ತ ಕೂಡಿ ಕುಳಿತವು.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ನೆನೆದಾಗ ಈ ಪ್ರಸಂಗ ನನಗೆ ದೂರದ್ದೆನಿಸುವುದಿಲ್ಲ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ನೆಲ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಇಲ್ಲಿಯೂ ಜನ ಕದಲದೆಯೇ ಗಡಿ ಕದಲಿತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ, ಸೊಲ್ಲಾಪುರದಲ್ಲಿ ಮರಾಠಿ ಎಂಬುದು ಗಡಿಭಾಗದ ಆಳಂದದಲ್ಲಿ ವಿಶೇಷವೇನಲ್ಲ. 2002ರ ನಂಜುಂಡಪ್ಪ ವರದಿ ಈ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳೆಂದು ಗುರುತಿಸಿತು. ಮಳೆಯನ್ನೇ ನಂಬಿದ ತೊಗರಿ ಕೈಕೊಟ್ಟರೆ ಊರುಗಳೂ ತಾಂಡಾಗಳೂ ಮುಂಬೈ, ಪುಣೆ, ಬೆಂಗಳೂರಿನತ್ತ ಗುಳೆ ಹೊರಡುತ್ತವೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಸೂಚ್ಯಂಕಗಳ ಮಹತ್ವವನ್ನು ಅಲ್ಲಗಳೆಯಲಾರೆ. ಆದರೆ ಅವು ತಾಲ್ಲೂಕನ್ನು ಅಳೆಯುತ್ತವೆಯೇ ಹೊರತು ತಾಲ್ಲೂಕು ಬಿಟ್ಟವರನ್ನಲ್ಲ. ಸೇವೆಯಲ್ಲಿದ್ದಾಗ ಕಂಡಂತೆ, ಪಡಿತರ ಚೀಟಿ ಆಹಾರ ಇಲಾಖೆಯ ಕಡತದಲ್ಲಿ, ಶಾಲೆ ಬಿಟ್ಟ ಮಗು ಶಿಕ್ಷಣ ಇಲಾಖೆಯಲ್ಲಿ, ಕಟ್ಟಡದಿಂದ ಬಿದ್ದ ತಂದೆ ಕಾರ್ಮಿಕ ಇಲಾಖೆಯಲ್ಲಿ. ಮೂರೂ ಒಂದೇ ಕುಟುಂಬದ್ದೆಂದು ಯಾವ ಕಡತವೂ ಹೇಳುತ್ತಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಈ ಜನ ಮರಳಿದಾಗಲೇ ಅವರ ಸಂಖ್ಯೆ ಆಡಳಿತದ ಕಣ್ಣಿಗೆ ಬಿದ್ದದ್ದು.

ಇಲಾಖೆಗಳು ಒಡೆದು ನೋಡುವುದನ್ನು ಕೂಡಿಸಿ ನೋಡುವುದು ವಿಶ್ವವಿದ್ಯಾಲಯದ ಕೆಲಸ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ. ಸಂಶೋಧನೆಯ ಕ್ಷೇತ್ರ ಅದರ ಬಾಗಿಲಲ್ಲಿದೆ. ಅರ್ಥಶಾಸ್ತ್ರಜ್ಞರು ಸಾಲ ಮತ್ತು ಮುಂಗಡದ ಲೆಕ್ಕ ಹಿಡಿಯಲಿ, ಭಾಷಾತಜ್ಞರು ಮುಂಬೈಯಲ್ಲಿ ಬೆಳೆದ ಮಕ್ಕಳ ಕನ್ನಡವನ್ನು ಆಲಿಸಲಿ, ಕಾನೂನು ಬಲ್ಲವರು ಸಿಗದ ಪರಿಹಾರದ ಜಾಡು ಹಿಡಿಯಲಿ. ಗುಳೆ ಹೋದವರ ಮಕ್ಕಳೇ ಸಂಶೋಧಕರಾದರೆ ಇನ್ನೂ ಒಳಿತು. ಕ್ಯಾಲಿಫೋರ್ನಿಯಾದಲ್ಲಿ ಆದದ್ದೂ ಅದೇ.

ಸಂವಿಧಾನದ 371ಜೆ ವಿಧಿ ಈ ಭಾಗದವರಿಗೆ ಸೀಟು, ನೌಕರಿಗಳಲ್ಲಿ ಮೀಸಲು ತಂದಿದೆ. ಆದರೆ ಶಾಲೆಯ ನಡುವರ್ಷದಲ್ಲೇ ತಂದೆತಾಯಿಯೊಡನೆ ಊರು ಬಿಡುವ ಮಗು ಆ ಸೀಟಿನವರೆಗೆ ತಲುಪುವುದಿಲ್ಲ. ಅದು ಎಲ್ಲಿ, ಏಕೆ ದಾರಿ ತಪ್ಪುತ್ತದೆಂದು ಅರಿಯದೆ ರೂಪಿಸಿದ ಯೋಜನೆ ಬೀಗ ಹಾಕಿದ ಮನೆಯ ಬಾಗಿಲು ಬಡಿದಂತೆಯೇ ಸರಿ.