ತೆರೆಗೆ ಬಾರದ ಹಿನ್ನೆಲೆ ಸಂಗೀತ

ಸಿನಿಮಾದ ಹಿನ್ನೆಲೆ ಸಂಗೀತ ಸಾಮಾನ್ಯವಾಗಿ ಕಟ್ಟಕಡೆಗೆ ಸಿದ್ಧವಾಗುತ್ತದೆ. ಚಿತ್ರೀಕರಣ ಮುಗಿದು ಸಂಕಲನ ಒಂದು ಹದಕ್ಕೆ ಬಂದ ಮೇಲೆಯೇ ಆ ಕೆಲಸ ಶುರು. ಅಲ್ಲಿಯವರೆಗೆ ಹಾಲಿವುಡ್‌ನಲ್ಲಿ ಬೇರೆಡೆಯಿಂದ ತಂದ ಸಂಗೀತವನ್ನು ದೃಶ್ಯಗಳಿಗೆ ತಾತ್ಕಾಲಿಕವಾಗಿ ಜೋಡಿಸಿಕೊಳ್ಳುತ್ತಾರೆ. ಇದೇ ‘ಟೆಂಪ್ ಟ್ರ್ಯಾಕ್’. ದಿನವೂ ಅದನ್ನೇ ಕೇಳಿದ ನಿರ್ದೇಶಕರ ಕಿವಿಗೆ ಆಮೇಲೆ ಬಂದ ಹೊಸ ಸಂಗೀತ ಹಿಡಿಸದೆ ಹೋಗುವುದುಂಟು.

ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಇದಕ್ಕೆ ಹೆಸರಾಂತ ನಿದರ್ಶನ. ‘ಸ್ಪಾರ್ಟಕಸ್‌’ಗೆ (1960) ಸಂಗೀತ ನೀಡಿದ್ದ ಅಲೆಕ್ಸ್ ನಾರ್ತ್ ಅವರನ್ನೇ ಕುಬ್ರಿಕ್ ಮತ್ತೆ ಕರೆಸಿದರು. ಲಂಡನ್ನಿನಲ್ಲಿ ನಾರ್ತ್ ಹಗಲು ರಾತ್ರಿ ದುಡಿದರು. ಆ ಒತ್ತಡಕ್ಕೆ ಸ್ನಾಯುಗಳು ಸೆಟೆದುಕೊಂಡು, ರೆಕಾರ್ಡಿಂಗ್‌ಗೆ ಅವರನ್ನು ಆಂಬುಲೆನ್ಸಿನಲ್ಲಿ ಕರೆತರಬೇಕಾಯಿತು. ವಾದ್ಯವೃಂದವನ್ನು ಹೆನ್ರಿ ಬ್ರ್ಯಾಂಟ್ ನಡೆಸಿದರು. ಹೀಗೆ 40 ನಿಮಿಷಕ್ಕೂ ಹೆಚ್ಚಿನ ಸಂಗೀತ ಸಿದ್ಧವಾಯಿತು. 1968ರಲ್ಲಿ ನಾರ್ತ್ ಚಿತ್ರ ನೋಡಿದಾಗ ಅದರಲ್ಲಿ ಅವರದೊಂದು ಸ್ವರವೂ ಇರಲಿಲ್ಲ. ಬಾಹ್ಯಾಕಾಶ ನಿಲ್ದಾಣ ತಿರುಗುವ ದೃಶ್ಯಕ್ಕೆ ಟೆಂಪ್ ಟ್ರ್ಯಾಕ್ ಆಗಿದ್ದ ಯೋಹಾನ್ ಸ್ಟ್ರಾಸ್‌ರ ‘ಬ್ಲೂ ಡ್ಯಾನ್ಯೂಬ್’ ಉಳಿದುಕೊಂಡಿತ್ತು.

ಕೆಲವೊಮ್ಮೆ ಮಾರುಕಟ್ಟೆಯ ಲೆಕ್ಕಾಚಾರವೂ ಅಡ್ಡ ಬರುತ್ತದೆ. ‘ಸೈಕೋ’ ಚಿತ್ರಕ್ಕೆ ತಂತಿವಾದ್ಯಗಳನ್ನಷ್ಟೇ ಬಳಸಿ ಮೈ ನಡುಗಿಸಿದ್ದ ಬರ್ನಾರ್ಡ್ ಹರ್ಮನ್, ಆಲ್‌ಫ್ರೆಡ್ ಹಿಚ್‌ಕಾಕ್‌ರ ‘ಟಾರ್ನ್ ಕರ್ಟನ್‌’ಗೆ (1966) ಪಿಟೀಲನ್ನೇ ಕೈಬಿಟ್ಟು 12 ಕೊಳಲು, 16 ಹಾರ್ನ್‌ಗಳ ಗಡಸು ನಾದ ಕಟ್ಟಿದರು. ಜನಪ್ರಿಯ ಧಾಟಿಯ ಸಂಗೀತ ಬಯಸಿದ್ದ ಹಿಚ್‌ಕಾಕ್ ರೆಕಾರ್ಡಿಂಗನ್ನು ಅರ್ಧಕ್ಕೇ ನಿಲ್ಲಿಸಿದರು. ಅವಕಾಶ ಜಾನ್ ಅಡಿಸನ್ ಪಾಲಾಯಿತು. ಹರ್ಮನ್ ಮತ್ತು ಹಿಚ್‌ಕಾಕ್ ಮತ್ತೆಂದೂ ಒಟ್ಟಿಗೆ ಕೆಲಸ ಮಾಡಲಿಲ್ಲ.

ಪ್ರಾಯೋಗಿಕ ಪ್ರದರ್ಶನದ ಪ್ರೇಕ್ಷಕರ ಅಭಿಪ್ರಾಯವೂ ನಿರ್ಣಾಯಕ. ‘ಟ್ರಾಯ್‌’ಗಾಗಿ (2004) ಗೇಬ್ರಿಯಲ್ ಯಾರೆದ್ ಸುಮಾರು ಒಂದು ವರ್ಷ ದುಡಿದಿದ್ದರು. ಅಂಥ ಪ್ರದರ್ಶನದ ನಂತರ ಅವರ ಸಂಗೀತವನ್ನು ಕೈಬಿಟ್ಟು, ಜೇಮ್ಸ್ ಹಾರ್ನರ್ ಅವರಿಂದ ಕೆಲವೇ ವಾರಗಳಲ್ಲಿ ಹೊಸ ಸಂಗೀತ ಮಾಡಿಸಲಾಯಿತು.

ಆತುರದಲ್ಲಿ ಮಾಡಿದ್ದೆಲ್ಲ ಕಳಪೆಯೆನ್ನಲಾಗದು. ‘ಚೈನಾಟೌನ್‌’ಗೆ (1974) ಫಿಲಿಪ್ ಲ್ಯಾಂಬ್ರೊ ನೀಡಿದ ಸಂಗೀತ ತಿರಸ್ಕೃತವಾದಾಗ ಜೆರಿ ಗೋಲ್ಡ್‌ಸ್ಮಿತ್ ಹತ್ತೇ ದಿನಗಳಲ್ಲಿ ಬರೆದ ಸಂಗೀತ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಅದೇ ಗೋಲ್ಡ್‌ಸ್ಮಿತ್ ‘ಲೆಜೆಂಡ್‌’ಗೆ (1985) ಕೊಟ್ಟ ಸಂಗೀತವನ್ನು ಅಮೆರಿಕದ ಆವೃತ್ತಿಯಲ್ಲಿ ತೆಗೆದು ಟ್ಯಾಂಜರೀನ್ ಡ್ರೀಮ್ ತಂಡದ್ದನ್ನು ಹಾಕಲಾಯಿತು.

ಹಾಗಾಗಿ ತಿರಸ್ಕಾರವೆಂದರೆ ಸಂಗೀತದ ಯೋಗ್ಯತೆಗೆ ಕೊಟ್ಟ ತೀರ್ಪಲ್ಲ. ಹರ್ಮನ್‌ರ ಕೃತಿಯನ್ನು ಎಲ್ಮರ್ ಬರ್ನ್‌ಸ್ಟೀನ್ ಮುಂದೆ ಧ್ವನಿಮುದ್ರಿಸಿದರು. ನಾರ್ತ್ 1991ರಲ್ಲಿ ತೀರಿಕೊಂಡರು. ಅವರ ‘2001’ರ ಸಂಗೀತವನ್ನು 1993ರಲ್ಲಿ ಧ್ವನಿಮುದ್ರಿಸಿ ಕೇಳುಗರಿಗೆ ತಲುಪಿಸಿದವರು ಬದಲಿ ಸಂಗೀತ ಕೊಡುವ, ತಮ್ಮದೇ ತಿರಸ್ಕೃತವಾಗುವ ಎರಡೂ ಅನುಭವ ಕಂಡಿದ್ದ ಗೋಲ್ಡ್‌ಸ್ಮಿತ್.